ಮಲೆನಾಡಿನ ಒಕ್ಕಲಿಗರಲ್ಲಿ ‘ಹೆಗ್ಡೆ’ ಎಲ್ಲಿಂದ ಬಂತು? ತಾತ ಗೌಡ, ಅಪ್ಪ ಹೆಗ್ಡೆ!

ಮೂಡಿಗೆರೆ ಮಳೆಗಾಲ
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಒಕ್ಕಲಿಗರ ಮನೆ. ನನ್ನ ಹೆಸರಿನ ಕೊನೆಗೆ ಹೆಗ್ಡೆ ಇದೆ, ಅಪ್ಪನಿಗೂ ಇದೆ. ತಾತನ ಹೆಸರು ಮಾತ್ರ ಹಳೇ ಕಾಗದಗಳಲ್ಲಿ ಒಂದು ಕಡೆ ಗೌಡ, ಇನ್ನೊಂದು ಕಡೆ ಹೆಗ್ಗಡೆ. ತಾತನ ತಮ್ಮನ ಮಕ್ಕಳು ಇವತ್ತಿಗೂ ಗೌಡ ಅಂತಲೇ ಬರೆದುಕೊಳ್ಳುತ್ತಾರೆ. ಒಂದೇ ಮನೆ, ಒಂದೇ ದೇವರು, ಹೆಸರು ಮಾತ್ರ ಎರಡು.

ಬೆಂಗಳೂರಿನಲ್ಲಿ ಯಾರಿಗೆ ಹೆಸರು ಹೇಳಿದರೂ ಮುಂದಿನ ಪ್ರಶ್ನೆ ರೆಡಿ ಇರುತ್ತದೆ: ‘ಕರಾವಳಿಯ ಬಂಟರಾ? ಶಿರಸಿ ಕಡೆಯ ಹವ್ಯಕರಾ?’ ಎರಡೂ ಅಲ್ಲ ಅಂದರೆ ಏನೋ ಮುಚ್ಚಿಡುತ್ತಿದ್ದೇನೆ ಅನ್ನೋ ಹಾಗೆ ನೋಡುತ್ತಾರೆ. ಈಗ ತಂಗಿಗೆ ಗಂಡು ನೋಡುತ್ತಿದ್ದೇವೆ. ಹಾಸನ ಕಡೆಯ ಒಂದು ಮನೆಯವರು ‘ನಮ್ಮಲ್ಲಿ ಹೆಗ್ಡೆ ಅಂತ ಯಾರೂ ಇಲ್ಲವಲ್ಲ’ ಅಂತ ನೇರವಾಗಿ ಕೇಳಿಬಿಟ್ಟರು. ಅಪ್ಪನ ಹತ್ತಿರ ಉತ್ತರ ಇರಲಿಲ್ಲ, ಸಿಟ್ಟು ಮಾತ್ರ ಬಂತು.

ಈ ಹೆಸರು ನಮ್ಮ ಕಡೆ ಹೇಗೆ ಬಂತು ಅಂತ ಗೊತ್ತಿರುವವರು ಹೇಳಿ. ಹಳೇ ದಾಖಲೆ ಎಲ್ಲಿ ಹುಡುಕಬೇಕು ಅನ್ನುವುದನ್ನೂ ತಿಳಿಸಿ.

ಚಾರ್ಮಾಡಿ ತಿರುವು
ಇದರಲ್ಲಿ ಯೋಚನೆ ಮಾಡುವುದೇನಿದೆ ಮಾರಾಯ್ರೆ? ಹೆಗ್ಡೆ ಅಂದರೆ ಕರಾವಳಿ. ಯಾವುದೋ ಕಾಲದಲ್ಲಿ ಘಟ್ಟ ಹತ್ತಿ ಬಂದಿದ್ದೀರಿ, ಮೂಡಿಗೆರೆಯಲ್ಲಿ ನೆಲೆ ನಿಂತಿದ್ದೀರಿ, ಒಕ್ಕಲಿಗರ ಜೊತೆ ಸೇರಿಕೊಂಡಿದ್ದೀರಿ. ಮುಗಿಯಿತು.

ಕೊಪ್ಪದ ಸೊಸೆ
@ಚಾರ್ಮಾಡಿ ತಿರುವು, ಹಾಗಿದ್ದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿಯ ಹೆಗ್ಡೆಗಳೆಲ್ಲ ಘಟ್ಟ ಹತ್ತಿದವರಾ? ನಮ್ಮ ಮಾವನ ಮನೆಯಲ್ಲಿ ತುಳುವಿನ ಒಂದು ಮಾತು ಯಾರಿಗೂ ಬರುವುದಿಲ್ಲ. ಬಂಟರಲ್ಲಿ ತಾಯಿಯ ಕಡೆಯಿಂದ ಬರುವ ‘ಬಳಿ’, ಅಂದರೆ ಕುಲ, ಇದೆ, ನಮ್ಮಲ್ಲಿ ಅದಿಲ್ಲ. ಆಸ್ತಿ ಹೋಗುತ್ತಿದ್ದದ್ದೂ ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಅಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ನೆಂಟರಾಗುವುದಿಲ್ಲ.

ಅರಸೀಕೆರೆ ತೆಂಗು
ನಮ್ಮ ಬಯಲುಸೀಮೆಯವರಿಗೆ ಈ ತಲೆನೋವೇ ಇಲ್ಲ. ಸರ್‌ನೇಮ್ ಅನ್ನೋದೇ ಇಲ್ಲ 😄

ಕಲ್ಲುಬರಹ
ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಹೆಗ್ಡೆ ಜಾತಿಯ ಹೆಸರಲ್ಲ, ಹುದ್ದೆಯ ಹೆಸರು. ಹಳಗನ್ನಡದಲ್ಲಿ ‘ಪೆರ್ಗಡೆ’. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಹಾಗೇ ಪೆರ್ಗಡೆ ಹೆಗ್ಗಡೆಯಾಯಿತು, ಆಮೇಲೆ ಬಾಯಲ್ಲಿ ಸವೆದು ಹೆಗಡೆ, ಹೆಗ್ಡೆ. ಚಾಲುಕ್ಯರ, ಹೊಯ್ಸಳರ ಶಾಸನಗಳಲ್ಲಿ ಈ ಪದ ಎಷ್ಟು ಸಲ ಬರುತ್ತದೆ ಅಂದರೆ ಓದಿ ಓದಿ ಸಾಕಾಗುತ್ತದೆ. ಅರಮನೆಯ ಒಳಾಡಳಿತ ನೋಡುವವನು ಮನೆವೆರ್ಗಡೆ. ಸುಂಕದ ಉಸ್ತುವಾರಿ ಇದ್ದವನು ಸುಂಕವೆರ್ಗಡೆ. ಈಗಿನ ಲೆಕ್ಕದಲ್ಲಿ ಮೇಲ್ವಿಚಾರಕ, ಅಧಿಕಾರಿ ಅಂದುಕೊಳ್ಳಿ.

ನಿಮ್ಮ ಪಕ್ಕದ ಹಾಸನ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ವಿಷ್ಣುವರ್ಧನನ ರಾಣಿ ಶಾಂತಲೆ ಎಲ್ಲರಿಗೂ ಗೊತ್ತು. ಅವಳ ಅಪ್ಪ ಯಾರು? ಶ್ರವಣಬೆಳಗೊಳದ ಶಾಸನ ಅವನನ್ನು ಪೆರ್ಗಡೆ ಮಾರಸಿಂಗಯ್ಯ ಅನ್ನುತ್ತದೆ. ಅವನು ಶೈವ. ಹೆಂಡತಿ ಮಾಚಿಕಬ್ಬೆ ಜೈನಳು, ಮಗಳು 1123ರಲ್ಲಿ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಈಗ ಹೇಳಿ, ಮಾರಸಿಂಗಯ್ಯ ಯಾವ ಹೆಗ್ಡೆ? ಬಂಟರ ಹೆಗ್ಡೆಯಾ, ಹವ್ಯಕರ ಹೆಗಡೆಯಾ? ಆ ಪ್ರಶ್ನೆಗೇ ಅರ್ಥವಿಲ್ಲ. ಅದು ಅವನು ನೋಡುತ್ತಿದ್ದ ಕೆಲಸ.

ಯಾರು ಆ ಕೆಲಸ ಮಾಡಿದರೋ ಅವರ ಮನೆಗೆ ಹೆಸರು ಅಂಟಿಕೊಂಡಿತು. ರಾಜರು ಹೋದರು, ಹುದ್ದೆ ಹೋಯಿತು, ಹೆಸರು ಉಳಿಯಿತು.

ಸಕಲೇಶಪುರ ಲೋಕಲ್
ಶಾಸನ ಎಲ್ಲ ಸರಿ ಸಾರ್. ಆದರೆ ನಮ್ಮೂರ ಹತ್ತಿರ, ಶಿರಾಡಿ ಘಾಟ್‌ಗೆ ಹೋಗುವ ದಾರಿಯಲ್ಲಿ ಹೆಗ್ಗದ್ದೆ ಅಂತ ಊರೇ ಇದೆ. ಆ ಊರಿನವರು ಹೆಗ್ಡೆಗಳಾದರು ಅಂತ ನಾವು ಚಿಕ್ಕವರಿದ್ದಾಗಿಂದ ಕೇಳಿದ್ದೇವೆ.

ಕಲ್ಲುಬರಹ
ಹೆಗ್ಗದ್ದೆ ಅಂದರೆ ಹಿರಿದಾದ ಗದ್ದೆ. ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರ ಇದ್ದ ಹಾಗೆ. ಹೆಗ್ಗಡೆಗೂ ಅದಕ್ಕೂ ಸಂಬಂಧವಿಲ್ಲ.

ಸಕಲೇಶಪುರ ಲೋಕಲ್
ದೊಡ್ಡ ಗದ್ದೆ ಇದ್ದವನು ತಾನೇ ದೊಡ್ಡ ಮನುಷ್ಯ ಆಗೋದು? ಸಂಬಂಧ ಇದ್ದೇ ಇದೆ ಬಿಡಿ.

ಮಡಿಕೇರಿ ಮಂಜು
😂😂 ಈ ವಾದಕ್ಕೆ ಉತ್ತರವಿಲ್ಲ.

ಅಂದ ಹಾಗೆ ನಮ್ಮ ಕೊಡಗಿನಲ್ಲಿ ಹೆಗ್ಗಡೆ ಅಂತಲೇ ಬೇರೆ ಸಮುದಾಯ ಇದೆ. ಮನೆಯಲ್ಲಿ ಮಾತಾಡುವುದು ಕೊಡವ ತಕ್ಕ್. ನಮ್ಮಲ್ಲಿ ಅದು ಹೆಸರಿನ ಬಾಲ ಅಲ್ಲ, ಇಡೀ ಸಮುದಾಯದ ಹೆಸರು. ಲಿಸ್ಟಿಗೆ ಇದನ್ನೂ ಸೇರಿಸಿಕೊಳ್ಳಿ.

ಅಡಿಕೆ ಚಪ್ಪರ
ಶಿರಸಿ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮ ಹವ್ಯಕರಲ್ಲಿ ಹೆಗಡೆ, ಭಟ್ಟ, ಭಾಗ್ವತ, ಶಾಸ್ತ್ರಿ ಹೀಗೆ ಬೇಕಾದಷ್ಟಿವೆ. ಪೌರೋಹಿತ್ಯ ಮಾಡಿದ ಮನೆಯವರು ಭಟ್ಟರು, ಊರಿನ ಯಜಮಾನಿಕೆ, ಜಮೀನಿನ ವ್ಯವಹಾರ ನೋಡಿದವರು ಹೆಗಡೆಗಳು ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಭಟ್ಟರ ಮನೆಗೂ ಹೆಗಡೆಯವರ ಮನೆಗೂ ಕೊಟ್ಟು ತರುವುದು ಮಾಮೂಲು. ಕಲ್ಲುಬರಹ ಅವರ ಮಾತಿಗೆ ಇದು ಹೊಂದುತ್ತದೆ. ಕುಮಟಾ ತಾಲ್ಲೂಕಿನಲ್ಲಿ ಹೆಗಡೆ ಅಂತ ಊರೂ ಇದೆ.

ಒಂದು ವಿನಂತಿ. ನಾವು ಬರೆಯುವುದು ‘ಹೆಗಡೆ’. ನಮ್ಮದನ್ನು ‘ಹೆಗ್ಡೆ’ ಮಾಡಬೇಡಿ ದಯವಿಟ್ಟು.

ಚಾರ್ಮಾಡಿ ತಿರುವು
ಇಂಗ್ಲಿಷಿನಲ್ಲಿ ಎಲ್ಲರದೂ ಒಂದೇ ಸ್ಪೆಲ್ಲಿಂಗ್ ಅಲ್ವಾ? ಅದಕ್ಕೇ ಈ ಗೊಂದಲ. ರಾಮಕೃಷ್ಣ ಹೆಗಡೆ ಸಿದ್ದಾಪುರದ ಹವ್ಯಕರು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದು ಆಮೇಲೆ ಲೋಕಸಭೆಯ ಸ್ಪೀಕರ್ ಆದ ಕೆ.ಎಸ್. ಹೆಗ್ಡೆ ಬಂಟರು. ಪೇಪರಿನಲ್ಲಿ ಓದುವ ದೆಹಲಿಯವನಿಗೆ ಇಬ್ಬರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ.

ಕೊಪ್ಪದ ಸೊಸೆ
ಅದಕ್ಕೆ ಮೂರನೆಯವರನ್ನೂ ಸೇರಿಸಿ. ಕಾಫಿ ಉದ್ಯಮಿ ವಿ.ಜಿ. ಸಿದ್ಧಾರ್ಥ ಅವರ ತಂದೆ ಗಂಗಯ್ಯ ಹೆಗ್ಡೆ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರು, ಒಕ್ಕಲಿಗರು. @ಮೂಡಿಗೆರೆ ಮಳೆಗಾಲ, ಹಾಸನದವರು ‘ನಮ್ಮಲ್ಲಿ ಹೆಗ್ಡೆ ಇಲ್ಲ’ ಅಂದರೆ ಈ ಒಂದು ಹೆಸರು ಹೇಳಿದರೆ ಸಾಕಲ್ಲ.

ಇನ್ನು ಗೌಡ–ಹೆಗ್ಡೆ ಎರಡೂ ಒಂದೇ ಮನೆಯಲ್ಲಿ ಹೇಗೆ ಅಂತ ಕೇಳಿದ್ದೀರಿ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ನೆನಪು ಮಾಡಿಕೊಳ್ಳಿ, 1936ರದು. ಹೆಗ್ಗಡಿತಿ ಯಾರು? ಸುಬ್ಬಮ್ಮ. ಅವಳ ಗಂಡ ಯಾರು? ಚಂದ್ರಯ್ಯಗೌಡ! ಗಂಡ ಗೌಡ, ಹೆಂಡತಿ ಹೆಗ್ಗಡಿತಿ. ಓದುವವರಿಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ, ಯಾಕೆಂದರೆ ನಮ್ಮ ಕಡೆ ದೊಡ್ಡ ಮನೆಯ ಯಜಮಾನನನ್ನು ಗೌಡರು ಅಂದರೂ ನಡೆಯುತ್ತಿತ್ತು, ಹೆಗ್ಗಡೆಯವರು ಅಂದರೂ ನಡೆಯುತ್ತಿತ್ತು. ಮನೆಯೊಡತಿ ಮಾತ್ರ ಹೆಗ್ಗಡಿತಮ್ಮ. ನಮ್ಮ ಅತ್ತೆಯ ಅತ್ತೆಯನ್ನು ಆಳುಗಳು ಹಾಗೇ ಕರೆಯುತ್ತಿದ್ದರಂತೆ. ಹೆಸರು ಹಿಡಿದು ಕರೆದವರೇ ಇಲ್ಲ. ಅವರು ತೀರಿಕೊಂಡ ಮೇಲೆ ಕಾಗದಪತ್ರಕ್ಕೆ ನಿಜವಾದ ಹೆಸರು ಬೇಕಾದಾಗ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಗೊರೂರು ಹಿನ್ನೀರು
ಇದೇ ಥರದ್ದು ನಮ್ಮ ಹೆಬ್ಬಾರ್. ಶಾಸನಗಳಲ್ಲಿ ‘ಹೆಬ್ಬಾರುವ’ ಅಂತ ಬರುತ್ತದೆ. ಹಿರಿಯ ಬ್ರಾಹ್ಮಣ, ಅಗ್ರಹಾರದ ಮುಖ್ಯಸ್ಥ ಅಂತ ಅರ್ಥ. ಹಾಸನ ಜಿಲ್ಲೆಯಲ್ಲಿ ಹೆಬ್ಬಾರ್ ಅಂದರೆ ಅಯ್ಯಂಗಾರರು. ಗೊರೂರು, ಶಾಂತಿಗ್ರಾಮ, ನುಗ್ಗೇಹಳ್ಳಿ, ಬೇಲೂರು ಎಲ್ಲ ಕಡೆ ಇದ್ದೇವೆ. ಘಟ್ಟ ಇಳಿದು ಉಡುಪಿಗೆ ಹೋದರೆ ಅಲ್ಲಿನ ಹೆಬ್ಬಾರರು ಅಯ್ಯಂಗಾರರಲ್ಲ. ನಾಮ ಬೇರೆ, ಮಠ ಬೇರೆ, ಅಡುಗೆಯೂ ಬೇರೆ.

ಉಡುಪಿಯ ಹೆಬ್ಬಾರರೊಬ್ಬರು ನಮ್ಮ ಆಫೀಸಿಗೆ ಬಂದಿದ್ದಾಗ ‘ಓ ನಮ್ಮವರೇ’ ಅಂತ ಇಬ್ಬರೂ ಖುಷಿಪಟ್ಟೆವು. ಐದು ನಿಮಿಷ ಮಾತಾಡುವುದರೊಳಗೆ ಗೋತ್ರ, ಮಠ, ಸಾರಿನ ಪುಡಿ ಯಾವುದೂ ತಾಳೆಯಾಗಲಿಲ್ಲ. ಈಗಲೂ ಒಳ್ಳೆ ಸ್ನೇಹಿತರು.

ಅರಸೀಕೆರೆ ತೆಂಗು
ಸಾರಿನ ಪುಡಿ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನು ಮೊದಲು ಬರುತ್ತೇನೆ.

ಕಾಫಿ ಹೂವು
ಬಲ್ಲಾಳರನ್ನು ಮರೆತಿರಾ? ನಮ್ಮ ಪರಿಚಯದವರೊಬ್ಬರು ಹೊಯ್ಸಳ ಬಲ್ಲಾಳ ರಾಜರ ನೇರ ವಂಶ ಅಂತ ಮದುವೆ ಕಾರ್ಡಿನಲ್ಲೇ ಹಾಕಿಸಿದ್ದರು.

ಕಲ್ಲುಬರಹ
ಬಲ್ಲಾಳ ಅನ್ನುವ ಹೆಸರು ತುಳುನಾಡಿನಲ್ಲಿ ಬಂಟರಲ್ಲಿ, ಜೈನರಲ್ಲಿ, ಬ್ರಾಹ್ಮಣರಲ್ಲಿ ಎಲ್ಲ ಇದೆ. ಅಷ್ಟೂ ಜನ ಹಳೇಬೀಡಿನ ಅರಮನೆಯಿಂದಲೇ ಹೊರಟಿದ್ದರೆ ಅರಮನೆಗೆ ಜಾಗ ಸಾಲುತ್ತಿರಲಿಲ್ಲ. ಹೆಸರು ಹೊಂದಿತು ಅಂತ ವಂಶಾವಳಿ ಬರೆಯುವ ಚಟ ನಮ್ಮಲ್ಲಿ ಜಾಸ್ತಿ ಆಗಿದೆ. ಯಾರಿಗೂ ಸಾಮಾನ್ಯ ರೈತನ ಮೊಮ್ಮಗ ಆಗಲು ಇಷ್ಟವಿಲ್ಲ.

ಚಾರ್ಮಾಡಿ ತಿರುವು
@ಕಲ್ಲುಬರಹ, ನಿಮ್ಮ ಹುದ್ದೆಯ ವಾದ ಒಪ್ಪುತ್ತೇನೆ ಅಂದುಕೊಳ್ಳಿ. ಆದರೂ ಅದು ಎಂಟುನೂರು ವರ್ಷದ ಹಿಂದಿನ ಮಾತು. ಈಗ ಅದು ಹುಟ್ಟಿನಿಂದ ಬರುವ ಹೆಸರು ತಾನೇ? ಹುದ್ದೆ ಅನ್ನೋದು ಪುಸ್ತಕದಲ್ಲಿ ಮಾತ್ರ.

ಕೊಟ್ಟಿಗೆಹಾರ ನೀರುದೋಸೆ
ಇಲ್ಲ ಕಣ್ರೀ, ಇವತ್ತಿಗೂ ಹುದ್ದೆಯಾಗಿಯೇ ಉಳಿದಿರುವ ಒಂದು ಜಾಗ ಇದೆ. ನಿಮ್ಮ ಯೂಸರ್ ನೇಮ್‌ನ ಘಾಟಿ ಇಳಿದರೆ ಸಿಗುವ ಧರ್ಮಸ್ಥಳ. ಅಲ್ಲಿಯ ಧರ್ಮಾಧಿಕಾರಿಗಳು 1968ರ ಅಕ್ಟೋಬರ್ 24ರಂದು ಪಟ್ಟಕ್ಕೆ ಬಂದರು. ಅದಕ್ಕೆ ಮುಂಚೆ ವೀರೇಂದ್ರ ಕುಮಾರ್, ಪಟ್ಟವಾದ ಮೇಲೆ ವೀರೇಂದ್ರ ಹೆಗ್ಗಡೆ. ತಮ್ಮಂದಿರ ಹೆಸರು ನೋಡಿ: ಡಿ. ಸುರೇಂದ್ರ ಕುಮಾರ್, ಡಿ. ಹರ್ಷೇಂದ್ರ ಕುಮಾರ್. ಹೆಗ್ಗಡೆ ಎಲ್ಲಿದೆ? ಇಲ್ಲ. ಪಟ್ಟದಲ್ಲಿ ಕೂತವರಿಗೆ ಮಾತ್ರ ಅದು. ಕ್ಷೇತ್ರದ ಐತಿಹ್ಯದಲ್ಲೂ ಮೊದಲ ಯಜಮಾನರು ನೆಲ್ಯಾಡಿ ಬೀಡಿನ ಬಿರ್ಮಣ್ಣ ಪೆರ್ಗಡೆ. ‘ಪ’ಕಾರ ಹಾಗೇ ಉಳಿದಿದೆ.

ಕಲ್ಲುಬರಹ
ನಾನು ಇಷ್ಟುದ್ದ ಬರೆದದ್ದಕ್ಕಿಂತ ಇದೊಂದೇ ಸಾಕಿತ್ತು. ಸೊಗಸಾದ ಉದಾಹರಣೆ.

ಚಾರ್ಮಾಡಿ ತಿರುವು
ಅದು ಒಂದು ಕ್ಷೇತ್ರದ ಪದ್ಧತಿ. ಮೂಡಿಗೆರೆಯ ತೋಟದ ಮನೆಗೆ ಅದನ್ನು ಅನ್ವಯಿಸುವುದು ಹೇಗೆ? ಘಟ್ಟದ ಎರಡೂ ಕಡೆ ಜನ ಓಡಾಡಿಕೊಂಡೇ ಇದ್ದರು. ಕಳಸವನ್ನು ಆಳಿದ ಭೈರರಸರೇ ಕಾರ್ಕಳವನ್ನೂ ಆಳಿದ್ದು. ಜನ ಮೇಲೆ ಬಂದಿಲ್ಲ ಅಂತ ಯಾರು ಹೇಳುತ್ತಾರೆ?

ಕೊಪ್ಪದ ಸೊಸೆ
ಬಂದಿಲ್ಲ ಅಂತ ಯಾರೂ ಹೇಳಲಿಲ್ಲ ಅಣ್ಣ. *ಎಲ್ಲರೂ* ಬಂದವರು ಅಂತ ನೀವು ಹೇಳಿದ್ದಕ್ಕೆ ತಕರಾರು.

ಹಳೇ ರೆವಿನ್ಯೂ
ಕಂದಾಯ ಇಲಾಖೆಯಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗೌಡ, ಹೆಗ್ಗಡೆ ಎರಡೂ ಯಾಕೆ ಬರುತ್ತವೆ ಅಂತ ಕಾಗದದ ಕಡೆಯಿಂದ ಹೇಳುತ್ತೇನೆ.

ಹಿಂದೆ ಹಳ್ಳಿಗೆ ಪಟೇಲ, ಶಾನುಭೋಗ ಇಬ್ಬರೂ ವಂಶಪಾರಂಪರ್ಯ. ಪಟೇಲ ಕಂದಾಯ ವಸೂಲಿ, ಊರಿನ ಉಸ್ತುವಾರಿ. ಶಾನುಭೋಗ ಲೆಕ್ಕ. ದಾಖಲೆ ಬರೆಯುತ್ತಿದ್ದವನು ಶಾನುಭೋಗ. ಅವನಿಗೆ ಒಬ್ಬನನ್ನು ‘ಗೌಡ’ ಅಂತ ಗೊತ್ತಿದ್ದರೆ ಗೌಡ ಅಂತ ಬರೆದ. ಮುಂದೆ ಅವನ ಮಗ ಲೆಕ್ಕ ಬರೆದಾಗ ಊರಿನವರು ಕರೆಯುವ ಹಾಗೆ ಹೆಗ್ಗಡೆ ಅಂತ ಬರೆದ. ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ, ಯಾಕೆಂದರೆ ಸರ್‌ನೇಮ್ ಅನ್ನುವ ಕಲ್ಪನೆಯೇ ಆಗ ಇರಲಿಲ್ಲ. ಊರು, ಅಪ್ಪನ ಹೆಸರು, ಇಷ್ಟೇ ಗುರುತು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಯಿತು, ಜಾರಿಗೆ ಬಂದದ್ದು 1963ರಲ್ಲಿ. ಪಟೇಲಿಕೆ ಹೋಯಿತು, ಪಟೇಲ ಅನ್ನುವ ಹೆಸರು ಎಷ್ಟೋ ಮನೆಗಳಲ್ಲಿ ಉಳಿಯಿತು. ಹೆಗ್ಗಡೆಯ ಕಥೆಯೂ ಅದೇ, ಕಾಲ ಮಾತ್ರ ಹಳೆಯದು.

ಇನ್ನೊಂದು, ಜನ ಮರೆಯುವುದು: ಶಾಲೆ. ನಿಮ್ಮ ತಂದೆಯನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಏನು ಬರೆದರೋ ಅದೇ ಖಾಯಂ. ಅದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹೋಯಿತು, ಅಲ್ಲಿಂದ ಕೆಲಸಕ್ಕೆ, ಅಲ್ಲಿಂದ ನಿಮಗೆ. ಅಣ್ಣ ಒಂದು ಶಾಲೆ, ತಮ್ಮ ಇನ್ನೊಂದು ಶಾಲೆಗೆ ಹೋದರೆ ಒಂದೇ ಮನೆಯಲ್ಲಿ ಎರಡು ಹೆಸರು. ಇಂಥ ಅರ್ಜಿಗಳು ನನ್ನ ಮೇಜಿನ ಮೇಲೆ ಬಂದದ್ದಕ್ಕೆ ಲೆಕ್ಕವಿಲ್ಲ. ‘ಇಬ್ಬರೂ ಒಬ್ಬರೇ’ ಅಂತ ಅಫಿಡವಿಟ್ಟು.

ಹುಡುಕುವುದಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ. ಕಂಪ್ಯೂಟರ್ ಪಹಣಿಯಿಂದ ಏನೂ ಸಿಗುವುದಿಲ್ಲ, ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರು, ಐ.ಎಲ್.ಆರ್.ಆರ್. (ಜಮೀನಿನ ಸೂಚಿ ಮತ್ತು ಹಕ್ಕುದಾಖಲೆ) ಪುಸ್ತಕದ ನಕಲು ಕೇಳಿ. ಸರ್ವೆ ನಂಬರ್ ಕೈಯಲ್ಲಿರಲಿ. ಹೆಸರು ಹೇಳಿದರೆ ಯಾರೂ ಹುಡುಕಿಕೊಡುವುದಿಲ್ಲ, ನಂಬರ್ ಹೇಳಿದರೆ ಹುಡುಕುತ್ತಾರೆ. ಕ್ರಯಪತ್ರ, ವಿಭಾಗಪತ್ರ ರಿಜಿಸ್ಟರ್ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ವಿಭಾಗಪತ್ರ ಸಿಕ್ಕರೆ ಅದೇ ಒಳ್ಳೆಯದು, ಅಣ್ಣತಮ್ಮಂದಿರ ಹೆಸರು ಎಲ್ಲ ಒಂದೇ ಕಡೆ ಇರುತ್ತವೆ.

ಮೂಡಿಗೆರೆ ಮಳೆಗಾಲ
ಸಾರ್, ತುಂಬಾ ಉಪಕಾರವಾಯಿತು. ಸರ್ವೆ ನಂಬರ್ ಇದೆ. ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ. ತಾತನೂ ಅವರ ತಮ್ಮನೂ ಬೇರೆ ಬೇರೆ ಶಾಲೆಗೇ ಹೋಗಿದ್ದು ಅಂತ ಅಪ್ಪ ಹೇಳುತ್ತಿದ್ದಾರೆ. ಒಬ್ಬರು ಊರಿನಲ್ಲಿ, ಒಬ್ಬರು ಬೇಲೂರಿನಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು.

ಸಕಲೇಶಪುರ ಲೋಕಲ್
ಬೇಲೂರಿಗೆ ಹೋಗುವ ದಾರಿಯಲ್ಲಿ ಹೆಗ್ಗದ್ದೆಗೆ ಹೋಗಿದ್ದರೋ ಏನೋ.

ಮಡಿಕೇರಿ ಮಂಜು
ಬಿಡೋದಿಲ್ಲ ಅಲ್ಲ ನೀವು 😂 ಆ ದಾರಿಯೇ ಬೇರೆ!

ದುಬೈ ಕನ್ನಡಿಗ
ಅರಸೀಕೆರೆಯವರು ‘ನಮಗೆ ಸರ್‌ನೇಮ್ ಇಲ್ಲ, ತಲೆನೋವಿಲ್ಲ’ ಅಂದರು. ತಲೆನೋವು ಇರುವುದೇ ನಿಮಗೆ ಸ್ವಾಮಿ. ನಾನು ಚನ್ನರಾಯಪಟ್ಟಣದವನು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದರೆ ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ ಅಂದಾಗ ನಮ್ಮಮ್ಮನ ಟಿಕೆಟ್ ಬುಕ್ ಆಗಿತ್ತು. ಆಮೇಲೆ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ನಡೆಯುತ್ತದೆ ಅಂತ ಸಡಿಲ ಮಾಡಿದರು. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಅಮೆರಿಕಕ್ಕೆ ಹೋದ ನನ್ನ ಭಾವನದು ಇನ್ನೂ ಮಜಾ. ಸರ್‌ನೇಮ್ ಖಾಲಿ ಇದ್ದದ್ದಕ್ಕೆ ಇದ್ದ ಒಂದು ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ವೀಸಾದವರು ‘ಎಫ್‌ಎನ್‌ಯು’ ಅಂತ ಹಾಕಿದರು. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಲ್ಲಿನ ಆಫೀಸಿನಲ್ಲಿ ಅವನನ್ನು ‘ಫ್ನೂ’ ಅಂತ ಕರೆಯುತ್ತಾರೆ.

ಅರಸೀಕೆರೆ ತೆಂಗು
ಫ್ನೂ ಭಾವ! ಚೆನ್ನಾಗಿದೆ.

ಆದರೂ ನಾನು ನಮ್ಮ ಪದ್ಧತಿಯನ್ನು ಬಿಟ್ಟುಕೊಡುವುದಿಲ್ಲ. ದೇಶಕ್ಕೇ ಗೊತ್ತಿರುವ ಹೆಸರು ತಗೊಳ್ಳಿ. ಎಚ್.ಡಿ. ದೇವೇಗೌಡ ಅಂದರೆ ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡ. ಟಿವಿಯವರು ‘ಗೌಡಾ’ ಅಂತ ಸರ್‌ನೇಮ್ ಮಾಡಿಕೊಂಡರು. ಅದು ಸರ್‌ನೇಮ್ ಆಗಿದ್ದರೆ ಮಗ ಕುಮಾರಸ್ವಾಮಿ ಹೆಸರಿನಲ್ಲಿ ಎಲ್ಲಿದೆ? ಅಲ್ಲಿ ಎಚ್.ಡಿ. ಅಂದರೆ ಹರದನಹಳ್ಳಿ ದೇವೇಗೌಡ. ‘ಎಚ್’ ಊರು, ಅದು ಹಾಗೇ ಇದೆ. ‘ಡಿ’ ಅಪ್ಪ, ಅದು ಬದಲಾಗಿದೆ. ಮೊಮ್ಮಗ ನಿಖಿಲ್ ಹೆಸರಿನ ಮುಂದೆ ಕುಮಾರಸ್ವಾಮಿ. ತಲೆಮಾರು ತಲೆಮಾರಿಗೆ ಅಪ್ಪನ ಹೆಸರು ಬದಲಾಗುತ್ತಾ ಹೋಗುತ್ತದೆ, ಕುಲದ ಹೆಸರು ಎಲ್ಲೂ ಇಲ್ಲ. ನಮ್ಮ ಸಂತೇಶಿವರದ ಎಸ್.ಎಲ್. ಭೈರಪ್ಪನವರದೂ ಹಾಗೇ. ಎಸ್ ಊರು, ಎಲ್ ಅಂದರೆ ತಂದೆ ಲಿಂಗಣ್ಣಯ್ಯ. ಇನಿಷಿಯಲ್ ನೋಡಿದರೆ ಊರು, ಅಪ್ಪ ಎರಡೂ ಸಿಗುತ್ತವೆ, ಜಾತಿ ಸಿಗುವುದಿಲ್ಲ. ಇದಕ್ಕಿಂತ ಇನ್ನೇನು ಬೇಕು?

ಕಾಫಿ ಹೂವು
ಜಾತಿ ಸಿಗುವುದಿಲ್ಲ ಅಂತ ಯಾರು ಹೇಳಿದ್ದು? ಊರು ಕೇಳಿ, ಕೇರಿ ಕೇಳಿ, ಯಾವ ದೇವರ ಒಕ್ಕಲು ಅಂತ ಕೇಳಿ, ನಾಲ್ಕನೇ ಪ್ರಶ್ನೆಗೆ ಕಂಡುಹಿಡಿಯುತ್ತಾರೆ. ಹಾಸನದವರಿಗೆ ಸರ್‌ನೇಮ್ ಬೇಕಾಗಿಲ್ಲ.

ಅರಸೀಕೆರೆ ತೆಂಗು
ಅದೂ ನಿಜವೇ. ನಾಲ್ಕು ಪ್ರಶ್ನೆ ಕೇಳುವಷ್ಟಾದರೂ ಕಷ್ಟ ಪಡಲಿ ಅಂತ.

ಅಡಿಕೆ ಚಪ್ಪರ
@ಮೂಡಿಗೆರೆ ಮಳೆಗಾಲ, ಹೆಸರು ಸರಿಮಾಡಿಸಲು ಮಾತ್ರ ಅವಸರ ಪಡಬೇಡಿ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಎರಡೇ ಸಲ ಅವಕಾಶ. ನಮ್ಮ ಮನೆಯಲ್ಲಿ ಒಬ್ಬರು ‘ಹೆಗಡೆ’ಯ ಇಂಗ್ಲಿಷ್ ಅಕ್ಷರ ತಿದ್ದಿಸುವುದರಲ್ಲೇ ಎರಡನ್ನೂ ಮುಗಿಸಿದರು. ಈಗ ಬ್ಯಾಂಕಿನವರು ಮೂರನೆಯದು ಕೇಳುತ್ತಿದ್ದಾರೆ.

ಮೂಡಿಗೆರೆ ಮಳೆಗಾಲ
ಬದಲಾಯಿಸುವ ಯೋಚನೆ ಇಲ್ಲ. ಅಪ್ಪನಿಗೆ ಶಾಂತಲೆಯ ಅಪ್ಪನ ವಿಷಯ ಓದಿ ಹೇಳಿದೆ. ಈಗ ಅವರು ಹಾಸನದವರಿಗೆ ಫೋನ್ ಮಾಡಿ ‘ನಿಮ್ಮ ಜಿಲ್ಲೆಯಲ್ಲೇ ಇದ್ದಾನಲ್ರೀ ಪೆರ್ಗಡೆ’ ಅಂತ ಹೇಳಬೇಕು ಅಂತಿದ್ದಾರೆ. ತಂಗಿ ಬೇಡ ಅಂತ ಫೋನ್ ಕಿತ್ತಿಟ್ಟುಕೊಂಡಿದ್ದಾಳೆ. @ಕಲ್ಲುಬರಹ, ನಮ್ಮ ತಾಲ್ಲೂಕಿನ ಶಾಸನಗಳಲ್ಲಿ ಹೆಗ್ಗಡೆ ಬರುತ್ತದಾ ಅಂತ ನೋಡುವುದು ಹೇಗೆ?

ಕಲ್ಲುಬರಹ
ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟ ನೋಡಿ, 1901ರದು. ‘ಚಿಕ್ಕಮಗಳೂರು’ ಅಂತ ಹುಡುಕಿದರೆ ಸಿಗುವುದಿಲ್ಲ, ಆಗ ಅದು ಕಡೂರು ಜಿಲ್ಲೆ. ಹಾಸನದ್ದು ಐದನೇ ಸಂಪುಟ. ತಾಲ್ಲೂಕುವಾರು ಜೋಡಿಸಿದ್ದಾರೆ, ಮೂಡಿಗೆರೆ ತೆಗೆದು ಒಂದೊಂದೇ ಓದಿ. ಹೆಗ್ಗಡೆ ಸಿಕ್ಕರೂ ಅವನೇ ನಿಮ್ಮ ಮುತ್ತಜ್ಜ ಅಂತ ಮಾತ್ರ ಹಿಡಿದುಕೊಳ್ಳಬೇಡಿ.

ಚಾರ್ಮಾಡಿ ತಿರುವು
ಸಿಕ್ಕವನು ಘಟ್ಟದ ಕೆಳಗಿನವನಾಗಿದ್ದರೆ ಇಲ್ಲಿ ಬಂದು ಹೇಳಿ. ಕಾಯುತ್ತಿರುತ್ತೇನೆ.

ಶಾನುಭೋಗರ ಮೊಮ್ಮಗಳು
ತಡವಾಗಿ ಬಂದೆ. ಹೆಗ್ಗಡೆಗೆ ಇಷ್ಟು ಚರ್ಚೆಯಾದರೆ ‘ಶಾನುಭೋಗ್’ ಅಂತ ಹೆಸರಿಟ್ಟುಕೊಂಡವರ ಕಥೆ ಏನು? ಹಳೇ ‘ಸೇನಬೋವ’ ಅಂತ ಕೇಳಿದ್ದೇನೆ. ನಮ್ಮ ಮನೆಯಲ್ಲಿ ಕಡತಗಳ ಒಂದು ಪೆಟ್ಟಿಗೆಯೇ ಇದೆ, ಮೋಡಿ ಅಕ್ಷರ (ಹಳೇ ಕಾಲದ ಕೂಡುಬರಹ) ಇರಬೇಕು, ಯಾರಿಗೂ ಓದಲು ಬರುವುದಿಲ್ಲ.

ಹಳೇ ರೆವಿನ್ಯೂ
ಪೆಟ್ಟಿಗೆ ಇದೆಯಾ?! ದಯವಿಟ್ಟು ಗೆದ್ದಲು ಹಿಡಿಯುವ ಮೊದಲು ಫೋಟೋ ತೆಗೆದಿಡಿ ತಾಯಿ. ಬೇರೆ ಚರ್ಚೆ ಶುರು ಮಾಡಿ, ಒಂದೆರಡು ಪುಟದ ಫೋಟೋ ಹಾಕಿ. ಓದಲು ಬರುವವರು ಇಲ್ಲಿ ಒಬ್ಬರಿಬ್ಬರು ಇದ್ದಾರೆ.